ಲಾ ಓದದ ಮಗಳು ಮ್ಯಾಜಿಸ್ಟ್ರೇಟ್ ಆಗಬಹುದಾ?

ಕೋರ್ಟು ಕಟ್ಟೆ: ಓದುಗರ ಪ್ರಶ್ನೆಗಳಿಗೆ ನಿವೃತ್ತ ಬೆಂಚ್ ಕ್ಲಾರ್ಕ್ ಒಬ್ಬರ ಉತ್ತರ

ಇಂಗ್ಲೆಂಡಿನಲ್ಲಿರುವ ಮಗನ ಮನೆಗೆ ಹೋದಾಗ ಅಲ್ಲಿನ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಕೂತು ಬಂದ ವಿಷಯವನ್ನು ಕಳೆದ ಸಂಚಿಕೆಯಲ್ಲಿ ಎರಡು ಸಾಲು ಬರೆದಿದ್ದೆ. ಮಗ-ಸೊಸೆ ಕೋಟೆ ತೋರಿಸ್ತೀವಿ, ಮ್ಯೂಸಿಯಂ ತೋರಿಸ್ತೀವಿ ಅಂದರೂ ಈ ಮುದುಕ ಕೋರ್ಟಿಗೇ ಹೋದ ಅಂತ ತಮಾಷೆಗೆ ಬರೆದದ್ದು. ಈ ತಿಂಗಳು ನೋಡಿದರೆ ಪೋಡಿ, ಭಾಗಪತ್ರ, ಬಗರ್‌ಹುಕುಂ ಥರದ ಜಮೀನಿನ ಪ್ರಶ್ನೆಗಳಿಗಿಂತ ಅದರ ಬಗ್ಗೆಯೇ ಕಾಗದ ಜಾಸ್ತಿ ಬಂದಿವೆ. ಹಾಗಾಗಿ ಪೋಡಿಯವರು ಒಂದು ತಿಂಗಳು ಕಾಯಬೇಕು. ಪೋಡಿಗೆ ಕಾಯುವುದು ಅವರಿಗೇನು ಹೊಸದಲ್ಲ ಬಿಡಿ.

ಪ್ರಶ್ನೆ: ನನ್ನ ಮಗಳು ಲೆಸ್ಟರ್‌ನಲ್ಲಿ ಫಾರ್ಮಸಿಸ್ಟ್. ಈಗ ಅಲ್ಲಿ ಮ್ಯಾಜಿಸ್ಟ್ರೇಟ್ ಆಗಲು ಅರ್ಜಿ ಹಾಕಿದ್ದಾಳಂತೆ. ಲಾ ಓದಿದವಳಲ್ಲ. ಸಂಬಳವೂ ಇಲ್ಲವಂತೆ. ನಮ್ಮ ಯಜಮಾನರು "ಯಾರೋ ಟೋಪಿ ಹಾಕ್ತಿದಾರೆ, ದುಡ್ಡುಗಿಡ್ಡು ಕಟ್ಟಬೇಡ ಅಂತ ಹೇಳು" ಅಂತ ಕೂತಿದ್ದಾರೆ. ಇದು ನಿಜವಾ ಸರ್?
– ಮೇಗರವಳ್ಳಿಯ ಒಬ್ಬ ಗೃಹಿಣಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಟೋಪಿ ಅಲ್ಲ ಅಮ್ಮ, ನಿಜ. ಯಜಮಾನರಿಗೆ ನೆಮ್ಮದಿಯಾಗಿ ಒಂದು ಲೋಟ ಕಷಾಯ ಕೊಟ್ಟು ಇದನ್ನು ಓದಿ ಹೇಳಿ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕ್ರಿಮಿನಲ್ ಕೇಸುಗಳೆಲ್ಲ ಶುರುವಾಗುವುದೇ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ. 100ಕ್ಕೆ 90ಕ್ಕೂ ಜಾಸ್ತಿ ಕೇಸು ಅಲ್ಲೇ ಮುಗಿದು ಹೋಗುತ್ತವೆ. ಕೊಲೆ, ದರೋಡೆಯಂಥವು ಮಾತ್ರ ಮೇಲಿನ ಕ್ರೌನ್ ಕೋರ್ಟಿಗೆ ಹೋಗುತ್ತವೆ. ಈ ಕೆಳಗಿನ ಕೋರ್ಟುಗಳ ಪೀಠದಲ್ಲಿ ಕೂರುವವರಲ್ಲಿ ಬಹುಪಾಲು ಜನ ನಿಮ್ಮ ಮಗಳಂಥವರೇ. ಮೇಷ್ಟ್ರು, ನರ್ಸು, ಅಂಗಡಿಯವರು, ರಿಟೈರ್ ಆದವರು. ಸಂಬಳ ಪಡೆಯುವ, ಕಾನೂನು ಓದಿದ ಡಿಸ್ಟ್ರಿಕ್ಟ್ ಜಡ್ಜ್‌ಗಳೂ ಇದ್ದಾರೆ. ಅವರು ಒಬ್ಬರೇ ಕೂರುತ್ತಾರೆ, ಸಂಖ್ಯೆಯಲ್ಲಿ ಕಡಿಮೆ. ಉಳಿದ ಕಡೆ ಇಬ್ಬರು ಅಥವಾ ಮೂವರು ಸಾಮಾನ್ಯ ಜನ ಒಟ್ಟಿಗೆ ಕೂತು ತೀರ್ಮಾನ ಮಾಡುತ್ತಾರೆ.

ಸಂಬಳ ಇಲ್ಲ ಅನ್ನುವುದು ನಿಜ. ಓಡಾಟದ ಖರ್ಚು, ಊಟದ ಖರ್ಚು ಕೊಡುತ್ತಾರೆ. ಆ ದಿನದ ದುಡಿಮೆ ತಪ್ಪಿದರೆ ಅದಕ್ಕೂ ಒಂದಿಷ್ಟು ಭತ್ಯೆ ಇದೆ. ವರ್ಷಕ್ಕೆ ಕಡಿಮೆ ಅಂದರೆ 13 ದಿನ ಕೂರಬೇಕು, ತರಬೇತಿ ಬೇರೆ. ಕೆಲಸಕ್ಕೆ ಇಟ್ಟುಕೊಂಡವರು ಇದಕ್ಕಾಗಿ ಬಿಡುವು ಕೊಡಲೇಬೇಕು ಎಂದು ಅಲ್ಲಿ ಕಾನೂನಿದೆ. ಆದರೆ ಆ ದಿನದ ಸಂಬಳ ಕೊಡಲೇಬೇಕೆಂದು ಇಲ್ಲ. ಹಾಗಾಗಿ ನಿಮ್ಮ ಮಗಳು ಮೊದಲು ತನ್ನ ಔಷಧಿ ಅಂಗಡಿಯ ಯಜಮಾನರ ಜತೆ ಮಾತಾಡಿಕೊಳ್ಳುವುದು ಒಳ್ಳೆಯದು.

ಇನ್ನು ಆಯ್ಕೆ. 18 ತುಂಬಿರಬೇಕು, 75 ಆಗಿರಬಾರದು. 75ಕ್ಕೆ ನಿವೃತ್ತಿ. ಮೊದಲು 70 ಇತ್ತು, 2022ರಲ್ಲಿ ಏರಿಸಿದರು. ಕನಿಷ್ಠ ಐದು ವರ್ಷ ಇರುತ್ತೇನೆ ಅನ್ನುವವರು ಬೇಕು. ಬ್ರಿಟಿಷ್ ಪೌರತ್ವ ಕಡ್ಡಾಯವಿಲ್ಲ, ಆದರೆ ಅಲ್ಲಿನ ರಾಜರಿಗೆ ನಿಷ್ಠೆಯ ಪ್ರಮಾಣ ಮಾಡಲು ಒಪ್ಪಬೇಕು. ಪೊಲೀಸ್ ಕೆಲಸದಲ್ಲಿ ಇರುವವರಿಗೆ ಅವಕಾಶ ಇಲ್ಲ. ದಿವಾಳಿ ಎದ್ದು ಇನ್ನೂ ಅದರಿಂದ ಹೊರಬರದವರಿಗೂ ಇಲ್ಲ. ಡಿಗ್ರಿ ಕೇಳುವುದಿಲ್ಲ.

ಹಾಗಾದರೆ ಏನು ಕೇಳುತ್ತಾರೆ? ನನಗೆ ಸ್ವಾರಸ್ಯ ಅನ್ನಿಸಿದ್ದು ಇಲ್ಲೇ. ಅರ್ಜಿ ಹಾಕುವ ಮೊದಲು ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಕಲಾಪ ನೋಡಿ ಬನ್ನಿ ಅನ್ನುತ್ತಾರೆ. ಸುಮ್ನೆ ಹೋಗಿ ಬಂದರೆ ಆಗದು, ಏನು ನೋಡಿದಿರಿ ಅಂತ ಮುಂದೆ ಕೇಳಿದರೆ ಹೇಳಲು ಗೊತ್ತಿರಬೇಕು. ಅರ್ಜಿಯಲ್ಲಿ ತನ್ನ ಮೇಲೆ ಇದ್ದ ಹಳೇ ಕೇಸು, ಗಾಡಿ ಓಡಿಸುವಾಗ ಬಿದ್ದ ದಂಡ, ಎಲ್ಲ ಬಿಚ್ಚಿ ಬರೆಯಬೇಕು. ಹೇಳದೆ ಮುಚ್ಚಿಟ್ಟು ಆಮೇಲೆ ಗೊತ್ತಾದರೆ ಅಲ್ಲಿಗೆ ಮುಗಿಯಿತು. ಗುರುತಿನವರಿಂದ ಅಭಿಪ್ರಾಯ ತರಿಸಿಕೊಳ್ಳುತ್ತಾರೆ. ಆನ್‌ಲೈನ್‌ನಲ್ಲಿ ಒಂದು ಪರೀಕ್ಷೆ ಇದೆ. ಅದರಲ್ಲಿ ಕಾನೂನಿನ ಪ್ರಶ್ನೆ ಇರುವುದಿಲ್ಲ. "ಇಂಥ ಸಂದರ್ಭ ಬಂದರೆ ನೀವು ಏನು ಮಾಡುತ್ತೀರಿ" ಅನ್ನುವ ಥರದ್ದು. ಅದು ದಾಟಿದರೆ ಸಂದರ್ಶನ.

ಸಂದರ್ಶನ ಮಾಡುವವರು ಆ ಪ್ರದೇಶದ ಸಲಹಾ ಸಮಿತಿಯವರು. ಅದರಲ್ಲಿ ಮ್ಯಾಜಿಸ್ಟ್ರೇಟರೂ ಇರುತ್ತಾರೆ, ಅಲ್ಲದ ಊರಿನವರೂ ಇರುತ್ತಾರೆ. ಅವರು ಹುಡುಕುವುದು ಬೇರೆಯವರ ಪರಿಸ್ಥಿತಿ ಅರ್ಥ ಮಾಡಿಕೊಳ್ಳುವ ಗುಣ, ಯಾರ ಪರವೂ ವಾಲದೆ ತೀರ್ಮಾನ ಮಾಡುವ ಗುಣ, ಎದುರಿಗಿದ್ದವರಿಗೆ ಮರ್ಯಾದೆ ಕೊಟ್ಟು ಮಾತಾಡುವುದು, ತನ್ನ ಸ್ವಭಾವದ ಕೊರತೆ ತನಗೆ ಗೊತ್ತಿರುವುದು. ಬುದ್ಧಿವಂತಿಕೆ ಪಟ್ಟಿಯಲ್ಲಿ ಮೊದಲು ಬರುವುದಿಲ್ಲ. ಮೇಜು ಕುಟ್ಟಿ "ಕಳ್ಳರಿಗೆಲ್ಲ ಜೈಲೇ ಸರಿ" ಅನ್ನುವವರನ್ನು ಅವರು ತೆಗೆದುಕೊಳ್ಳುವುದಿಲ್ಲ. "ಪಾಪ, ಬಿಟ್ಟುಬಿಡಿ" ಅಂತ ಎಲ್ಲರಿಗೂ ಕರಗುವವರೂ ಬೇಡ.

ಸಮಿತಿ ಶಿಫಾರಸು ಮಾಡಿದ ಮೇಲೆ ನೇಮಕ ಆಗುವುದು ರಾಜರ ಹೆಸರಿನಲ್ಲಿ. ಮಾಡುವವರು ಅಲ್ಲಿನ ಮುಖ್ಯ ನ್ಯಾಯಮೂರ್ತಿಗಳು, ಅವರ ಪರವಾಗಿ ಒಬ್ಬ ಹಿರಿಯ ನ್ಯಾಯಾಧೀಶರು. 2013ರ ತನಕ ಇದು ಲಾರ್ಡ್ ಚಾನ್ಸಲರ್ ಅನ್ನುವ ಮಂತ್ರಿಯ ಕೈಯಲ್ಲಿತ್ತು. ಈಗ ರಾಜಕಾರಣಿ ಕೈಯಿಂದ ನ್ಯಾಯಾಧೀಶರ ಕೈಗೆ ಬಂದಿದೆ. ಭಯ, ಪಕ್ಷಪಾತ, ಪ್ರೀತಿ, ದ್ವೇಷ ಇಲ್ಲದೆ ಎಲ್ಲ ಥರದ ಜನರಿಗೂ ನ್ಯಾಯ ಮಾಡುತ್ತೇನೆ ಅಂತ ಪ್ರಮಾಣ ತೆಗೆದುಕೊಂಡ ಮೇಲೆ ಹೆಸರಿನ ಪಕ್ಕ ಜೆ.ಪಿ., ಅಂದರೆ ಜಸ್ಟಿಸ್ ಆಫ್ ದಿ ಪೀಸ್, ಅಂತ ಹಾಕಿಕೊಳ್ಳಬಹುದು. ಇಡೀ ದಾರಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಎಲ್ಲೂ ಒಂದು ಪೈಸೆ ಕಟ್ಟುವ ಹಾಗಿಲ್ಲ. ಯಾರಾದರೂ ದುಡ್ಡು ಕೇಳಿದರೆ ಮಾತ್ರ ಯಜಮಾನರ ಮಾತು ನಿಜ.

ಪ್ರಶ್ನೆ: ಸರ್, ನಾನು ಎಲ್‌ಎಲ್‌ಬಿ ಎರಡನೇ ವರ್ಷ. ಸೆಕ್ಷನ್ ಗೊತ್ತಿಲ್ಲದವರು ಶಿಕ್ಷೆ ಹೇಗೆ ಕೊಡುತ್ತಾರೆ? ಹಾಗಾದರೆ ನಾವು ಐದು ವರ್ಷ ಓದುವುದು ಯಾಕೆ?
– ಸಾಗರದ ಒಬ್ಬ ವಿದ್ಯಾರ್ಥಿ

ಉತ್ತರ: ಎರಡನೇ ಪ್ರಶ್ನೆಗೆ ನಿಮ್ಮಪ್ಪ ಉತ್ತರ ಕೊಡಲಿ, ಫೀಸು ಕಟ್ಟುವವರು ಅವರು. ಮೊದಲನೆಯದಕ್ಕೆ ನಾನು ಹೇಳುತ್ತೇನೆ ತಮ್ಮಾ, ಯಾಕೆಂದರೆ ಇದು ನನ್ನ ಕುರ್ಚಿಗೆ ಸಂಬಂಧಪಟ್ಟ ಪ್ರಶ್ನೆ.

ನಮ್ಮ ಕೋರ್ಟಿನಲ್ಲಿ ಸಾಹೇಬರ ಪೀಠದ ಕೆಳಗೆ, ವಕೀಲರ ಕಡೆ ಮುಖ ಮಾಡಿ ಬೆಂಚ್ ಕ್ಲಾರ್ಕ್ ಕೂರುತ್ತಾರೆ. ಫೈಲು ಎತ್ತಿ ಕೊಡುವುದು, ವಾಯಿದೆ ತಾರೀಕು ಬರೆಯುವುದು, ಆರ್ಡರ್ ಶೀಟು ಸರಿ ಇದೆಯಾ ನೋಡುವುದು. ನಾನು ಸರ್ವೀಸಿನ ಬಹುಭಾಗ ಅಲ್ಲೇ ಸವೆಸಿದವನು. ಇಂಗ್ಲೆಂಡಿನ ಕೋರ್ಟಿನೊಳಗೆ ಹೋದವನೇ ನೋಡಿದ್ದು ಆ ಜಾಗವನ್ನು. ಅಲ್ಲಿ ಒಬ್ಬ ಹೆಣ್ಣುಮಗಳು ಕಂಪ್ಯೂಟರ್ ಇಟ್ಟುಕೊಂಡು ಕೂತಿದ್ದರು. ಕುರ್ಚಿ ನನ್ನದೇ, ಕೆಲಸ ಮಾತ್ರ ಬೇರೆ. ಅವರು ಪೂರಾ ಕಾನೂನು ಓದಿದ ವಕೀಲರು. ಲೀಗಲ್ ಅಡ್ವೈಸರ್ ಅನ್ನುತ್ತಾರೆ. ಪೀಠದಲ್ಲಿರುವ ಮೂವರಿಗೆ ಕಾನೂನು ಹೇಳುವುದು ಅವರ ಕೆಲಸ. ತೀರ್ಪು ಹೇಳುವುದು ಅವರ ಕೆಲಸ ಅಲ್ಲ.

ನಾನು ನೋಡಿದ ಒಂದು ಕೇಸು ಹೇಳುತ್ತೇನೆ. ಇಪ್ಪತ್ತೈದರ ಆಸುಪಾಸಿನ ಹುಡುಗ. ಸೂಪರ್ ಮಾರ್ಕೆಟ್ಟಿನಿಂದ ಚೀಸು, ಶೇವಿಂಗ್ ಬ್ಲೇಡಿನ ಪ್ಯಾಕೆಟ್ಟು ಜಾಕೆಟ್ಟಿನೊಳಗೆ ಇಟ್ಟುಕೊಂಡು ಹೊರಟವನು. ಮೊದಲ ದಿನವೇ ತಪ್ಪು ಒಪ್ಪಿಕೊಂಡ. ಪೀಠದಲ್ಲಿ ಮೂವರು: ನಡುವೆ ಬಿಳಿ ಕೂದಲಿನ ಅಜ್ಜಿ, ಎಡಕ್ಕೆ ಪಂಜಾಬಿ ಪೇಟ ಕಟ್ಟಿದವರು, ಬಲಕ್ಕೆ ನನ್ನ ಮಗನ ವಯಸ್ಸಿನ ಒಬ್ಬ. ಮಾತಾಡುವವರು ನಡುವಿನವರು ಮಾತ್ರ. ಪಕ್ಕದವರಿಗೆ ಸಂಶಯ ಬಂದರೆ ಚೀಟಿಯಲ್ಲಿ ಬರೆದು ನಡುವಿನವರಿಗೆ ಕೊಡುತ್ತಾರೆ. ಸಂಬಳವಿಲ್ಲದೆ ಸಮಾಜಸೇವೆಯ ಕೆಲಸ ಮಾಡಿಸುವ ಶಿಕ್ಷೆ ಎಷ್ಟು ಗಂಟೆಯ ತನಕ ಕೊಡಬಹುದು ಅಂತ ಅಜ್ಜಿ ಕೆಳಗೆ ಬಗ್ಗಿ ಕೇಳಿದರು. ಅಡ್ವೈಸರ್ ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ, 40ರಿಂದ 300 ಗಂಟೆ ಅಂದರು. ಗುಟ್ಟಾಗಿ ಕಿವಿಯಲ್ಲಿ ಹೇಳಲಿಲ್ಲ. ಅವರು ಒಳಗೆ ಹೋಗಿ ಸಲಹೆ ಕೊಟ್ಟರೂ ಏನು ಹೇಳಿದೆ ಅಂತ ಹೊರಗೆ ಬಂದು ಎರಡೂ ಕಡೆಯವರಿಗೆ ತಿಳಿಸಬೇಕು ಅನ್ನುವುದು ನಿಯಮ.

ಮೂವರೂ ಎದ್ದು ಒಳಗಿನ ಕೋಣೆಗೆ ಹೋದರು. ಬಂದ ಮೇಲೆ ಅಜ್ಜಿ ಒಂದು ಹಾಳೆ ಹಿಡಿದು ಓದಿದರು. ತಪ್ಪು ಎಷ್ಟು ದೊಡ್ಡದು, ಯಾವ ಕಾರಣಕ್ಕೆ ಅದು ಹೆಚ್ಚಾಯಿತು, ಯಾವುದಕ್ಕೆ ಕಡಿಮೆ ಆಯಿತು, ಮೊದಲೇ ಒಪ್ಪಿಕೊಂಡದ್ದಕ್ಕೆ ಮೂರನೇ ಒಂದು ಭಾಗ ಬಿಟ್ಟೆವು, ಉಳಿದದ್ದು ಇಷ್ಟು ಗಂಟೆ ಕೆಲಸ. ಹುಡುಗನಿಗೆ ಅರ್ಥ ಆಯಿತಾ ಅಂತ ಕೇಳಿ, ಅವನು ತಲೆ ಆಡಿಸಿದ ಮೇಲೆಯೇ ಬಿಟ್ಟರು. ಕಡೆಗೆ ನನಗೆ ಅನ್ನಿಸಿದ್ದು ಇಷ್ಟು: ಆ ಅಜ್ಜಿ ಮಹಾ ಜಾಣೆ ಅಂತ ಅಲ್ಲ. ದಾರಿ ತಪ್ಪದ ಹಾಗೆ ಅವರ ಸುತ್ತ ಬೇಲಿ ಹಾಕಿದ್ದಾರೆ. ಯಾವ ತಪ್ಪಿಗೆ ಎಲ್ಲಿಂದ ಶುರು ಮಾಡಬೇಕು ಅನ್ನುವುದಕ್ಕೆ ಸೆಂಟೆನ್ಸಿಂಗ್ ಕೌನ್ಸಿಲ್‌ನ ಮಾರ್ಗಸೂಚಿ ಇದೆ. ದಂಡ ಹಾಕುವಾಗ ಆಸಾಮಿಯ ವಾರದ ಆದಾಯ ನೋಡಿ ಲೆಕ್ಕ ಹಾಕಬೇಕು. ಅತಿ ವೇಗದ ಕೇಸಿನಲ್ಲಿ ಒಬ್ಬನಿಗೆ ಅರ್ಧ ವಾರದ ದುಡಿಮೆ, ಮಿತಿ ತುಂಬಾ ಮೀರಿದವನಿಗೆ ಒಂದೂವರೆ ವಾರದ್ದು. ಕೂಲಿಯವನಿಗೂ ಕಂಪನಿ ಮಾಲೀಕನಿಗೂ ಒಂದೇ ಮೊತ್ತ ಅಲ್ಲ. ಜೈಲಿನ ಮಿತಿಯೂ ಇದೆ. ಒಂದು ಅಪರಾಧಕ್ಕೆ 6 ತಿಂಗಳಿದ್ದದ್ದನ್ನು 2022ರಲ್ಲಿ 12 ಮಾಡಿದರು, 2023ರಲ್ಲಿ ಮತ್ತೆ 6ಕ್ಕೆ ಇಳಿಸಿದರು, 2024ರ ನವೆಂಬರ್‌ನಲ್ಲಿ ಮತ್ತೆ 12. ಅಲ್ಲಿನ ಸರ್ಕಾರಕ್ಕೂ ನಮ್ಮವರ ಹಾಗೆ ಸುತ್ತೋಲೆಯ ಹುಚ್ಚು.

ಈಗ ತರಬೇತಿ. ನೇಮಕದ ಪತ್ರ ಬಂದ ತಕ್ಷಣ ಪೀಠಕ್ಕೆ ಹತ್ತಿಸುವುದಿಲ್ಲ. ಮೊದಲು ಕೆಲವು ದಿನದ ಪಾಠ. ಪಾಠದ ಪುಸ್ತಕ ಮಾಡಿಕೊಡುವುದು ಜುಡಿಷಿಯಲ್ ಕಾಲೇಜ್, ಜಡ್ಜ್‌ಗಳಿಗೆ ತರಬೇತಿ ಕೊಡುವ ಅದೇ ಸಂಸ್ಥೆ. ಅಲ್ಲಿ ಸೆಕ್ಷನ್ ಬಾಯಿಪಾಠ ಮಾಡಿಸುವುದಿಲ್ಲ. ಸಾಕ್ಷ್ಯ ಕೇಳಿದ ಮೇಲೆ ಯಾವ ಪ್ರಶ್ನೆ ಮೊದಲು ಕೇಳಿಕೊಳ್ಳಬೇಕು, ಯಾವುದು ಆಮೇಲೆ, ಕಾರಣವನ್ನು ಹೇಗೆ ಹೇಳಬೇಕು, ನಮ್ಮೊಳಗೇ ಅಡಗಿರುವ ಪೂರ್ವಗ್ರಹವನ್ನು ಹೇಗೆ ಗುರುತಿಸಬೇಕು, ಇಂಥವನ್ನು ಹೇಳಿಕೊಡುತ್ತಾರೆ. ಜೈಲು ನೋಡಿ ಬರಬೇಕು. ಜೈಲಿನ ಹೊರಗೆ ಶಿಕ್ಷೆ ಅನುಭವಿಸುವವರ ಮೇಲೆ ನಿಗಾ ಇಡುವ ಪ್ರೊಬೇಷನ್‌ನವರ ಕೆಲಸ ನೋಡಬೇಕು. ತಾನು ಯಾವ ಬಾಗಿಲು ತೋರಿಸುತ್ತಿದ್ದೇನೆ ಅಂತ ತೋರಿಸುವವರಿಗೆ ಗೊತ್ತಿರಬೇಕಲ್ವಾ?

ಆಮೇಲೆ ಪೀಠದ ಪಕ್ಕದ ಕುರ್ಚಿ. ನಡುವಿನದ್ದು ಹೊಸಬರಿಗೆ ಸಿಗುವುದಿಲ್ಲ, ಅದಕ್ಕೆ ವರ್ಷಗಳ ಅನುಭವ, ಬೇರೆ ತರಬೇತಿ ಬೇಕು. ನಮ್ಮಲ್ಲಿ ಗೊನೆ ಕೊಯ್ಯಲು ಕಲಿಯುವ ಹುಡುಗನನ್ನು ಮೊದಲ ವರ್ಷ ಎತ್ತರದ ಅಡಿಕೆ ಮರಕ್ಕೆ ಹತ್ತಿಸುತ್ತೇವಾ? ಹಾಗೆ. ಹೊಸಬರಿಗೆ ಒಬ್ಬ ಹಳಬರನ್ನು ಮಾರ್ಗದರ್ಶಿಯಾಗಿ ಜೋಡಿಸುತ್ತಾರೆ. ಕೆಲವು ದಿನ ಅವರಿಬ್ಬರೂ ಒಂದೇ ಪೀಠದಲ್ಲಿ ಕೂತು, ಕೋರ್ಟು ಮುಗಿದ ಮೇಲೆ "ಇವತ್ತು ಅಲ್ಲಿ ಯಾಕೆ ಹಾಗೆ ಯೋಚಿಸಿದೆ" ಅಂತ ಮಾತಾಡುತ್ತಾರೆ. ವರ್ಷ, ಒಂದೂವರೆ ವರ್ಷದ ಒಳಗೆ ಇನ್ನೊಂದು ಸುತ್ತು ಪಾಠ, ಅದಾದ ಮೇಲೆ ಮೌಲ್ಯಮಾಪನ. ಅದನ್ನು ಮಾಡುವುದು ಪರೀಕ್ಷೆ ಹಾಲಿನಲ್ಲಲ್ಲ. ತರಬೇತಿ ಪಡೆದ ಸಹ ಮ್ಯಾಜಿಸ್ಟ್ರೇಟ್ ಒಬ್ಬರು ಅದೇ ಪೀಠದಲ್ಲಿ ಪಕ್ಕದಲ್ಲೇ ಕೂತು ನೋಡಿ ವರದಿ ಬರೆಯುತ್ತಾರೆ. ಇದು ಕೆಲವು ವರ್ಷಕ್ಕೊಮ್ಮೆ ಮತ್ತೆ ಮತ್ತೆ ಆಗುತ್ತದೆ. ಮಕ್ಕಳ ಕೋರ್ಟಿಗೆ, ಕುಟುಂಬದ ಕೋರ್ಟಿಗೆ ಹೋಗಬೇಕಾದರೆ ಅದಕ್ಕೆ ಬೇರೆ ತರಬೇತಿ.

ಇದು ನನಗೆ ಹಿಡಿಸಿತು. ನಾನು ಕೆಲಸ ಮಾಡಿದ ಕಡೆ ಚಿನ್ನದ ಪದಕ ತಗೊಂಡ ಸಾಹೇಬರನ್ನೂ ನೋಡಿದ್ದೇನೆ. ತೀರ್ಪು ಓದಿದರೆ ಮುತ್ತು ಪೋಣಿಸಿದ ಹಾಗೆ. ಪೀಠಕ್ಕೆ ಹತ್ತಿದರೆ ಮಾತ್ರ ಸಾಕ್ಷಿ ಹೇಳಲು ಬಂದ ಮುದುಕಿಯ ಮೇಲೂ ಗದರುವುದೇ. ಮೇಲಿನ ಕೋರ್ಟಿಗೆ ತೀರ್ಪು ಕಾಣುತ್ತದೆ, ಗದರಿದ್ದು ಕಾಣುವುದಿಲ್ಲ. ಪಕ್ಕದಲ್ಲಿ ಕೂತು ನೋಡಿ "ಸ್ವಲ್ಪ ಮೆತ್ತಗೆ" ಅಂತ ಹೇಳುವವರು ಯಾರೂ ಇರಲಿಲ್ಲ. ಕೆಳಗೆ ಕೂತವನು ನಾನು. ನಾನು ಹೇಳುವ ಹಾಗಿತ್ತಾ?

ಇನ್ನು ನಿನಗೆ ಬೇಕಾದ ಮಾತು. ನಮ್ಮಲ್ಲಿ ಸಿವಿಲ್ ಜಡ್ಜ್ ಮತ್ತು ಜೆಎಂಎಫ್‌ಸಿ (ಪ್ರಥಮ ದರ್ಜೆ ಜುಡಿಷಿಯಲ್ ಮ್ಯಾಜಿಸ್ಟ್ರೇಟ್) ಆಗಲು ಕಾನೂನು ಪದವಿ ಬೇಕೇ ಬೇಕು. ಹೈಕೋರ್ಟ್ ನಡೆಸುವ ಪೂರ್ವಭಾವಿ ಪರೀಕ್ಷೆ, ಮುಖ್ಯ ಪರೀಕ್ಷೆ, ಸಂದರ್ಶನ ದಾಟಬೇಕು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಕಡಿಮೆ ಅಂದರೆ 3 ವರ್ಷ ವಕೀಲಿಕೆ ಮಾಡಿರಬೇಕು ಅನ್ನುವ ಹಳೇ ಷರತ್ತನ್ನು ಮತ್ತೆ ತಂದಿದೆ. ಹಾಗಾಗಿ ಪದವಿ ಮುಗಿದ ಮರುದಿನವೇ ಜಡ್ಜ್ ಪರೀಕ್ಷೆ ಅಂತ ಲೆಕ್ಕ ಹಾಕಿದ್ದರೆ ಬದಲಾಯಿಸಿಕೋ. ಒಬ್ಬ ಒಳ್ಳೆ ಸೀನಿಯರ್ ಹತ್ತಿರ ಸೇರು.

ಪ್ರಶ್ನೆ: ನಮ್ಮ ಮನೆಯ ಜಗಲಿಯಲ್ಲಿ ಮುತ್ತಜ್ಜನ ಫೋಟೋ ಇದೆ. ಕೋಟು, ರುಮಾಲು. ಕೆಳಗೆ ಆನರರಿ ಮ್ಯಾಜಿಸ್ಟ್ರೇಟ್ ಎಂದು ಬರೆದಿದೆ. ಇದೂ ಅದೂ ಒಂದೇನಾ?
– ಕೊಪ್ಪದ ಒಬ್ಬ ತೋಟದ ಮಾಲೀಕರು

ಉತ್ತರ: ಬೇರು ಒಂದೇ. ಇಂಗ್ಲೆಂಡಿನಲ್ಲಿ ಇದು 1361ರ ಕಾನೂನಿನಿಂದ ಬಂದದ್ದು. ಜಸ್ಟಿಸ್ ಆಫ್ ದಿ ಪೀಸ್ ಅನ್ನುವ ಹೆಸರು ಆಗಿನದು. ಶತಮಾನಗಟ್ಟಲೆ ಅದು ಜಮೀನ್ದಾರರ ಕೆಲಸವಾಗಿತ್ತು. ಇಷ್ಟು ಆಸ್ತಿ ಇರಬೇಕು ಅನ್ನುವ ಷರತ್ತು ಹೋಗಿದ್ದು 1906ರಲ್ಲಿ. ಹೆಂಗಸರು ಬಂದದ್ದು 1919ರ ಕಾನೂನಿನಿಂದ. ಆ ವರ್ಷದ ಕಡೇ ದಿನ, ಡಿಸೆಂಬರ್ 31ರಂದು, ಸ್ಟೇಲಿಬ್ರಿಜ್ ಅನ್ನುವ ಊರಿನ ಮೇಯರ್ ಏಡಾ ಸಮ್ಮರ್ಸ್ ಮೊದಲ ಮಹಿಳೆಯಾಗಿ ಪೀಠದಲ್ಲಿ ಕೂತರು. ಈಗ ಅಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಂಗಸರೇ.

ಬ್ರಿಟಿಷರು ಇದನ್ನೇ ಆನರರಿ, ಅಂದರೆ ಸಂಬಳವಿಲ್ಲದ, ಮ್ಯಾಜಿಸ್ಟ್ರೇಟ್ ಅಂತ ಇಲ್ಲಿಗೂ ತಂದರು. ಬ್ರಿಟಿಷ್ ಇಂಡಿಯಾದ 1898ರ ಕ್ರಿಮಿನಲ್ ಪ್ರೊಸೀಜರ್ ಕೋಡಿನಲ್ಲಿ ಇದಕ್ಕೆ ಜಾಗ ಇತ್ತು, ನಮ್ಮ ಮೈಸೂರು ಸಂಸ್ಥಾನದಲ್ಲೂ ಇಂಥವರಿದ್ದರು. ಆದರೆ ಇಲ್ಲಿ ಅರ್ಜಿ, ಸಂದರ್ಶನ, ತರಬೇತಿ ಅಂತ ಇರಲಿಲ್ಲ. ಊರಿನ ದೊಡ್ಡ ಮನುಷ್ಯ, ಸರ್ಕಾರಕ್ಕೆ ಬೇಕಾದವರು, ಅಷ್ಟೇ. ನಿಮ್ಮ ಮುತ್ತಜ್ಜ ಒಳ್ಳೆಯವರೇ ಇದ್ದಿರಬೇಕು, ನಾನು ಬೇರೆ ಹೇಳುತ್ತಿಲ್ಲ. ಆದರೆ ಆ ಪದ್ಧತಿಯ ಮೇಲೆ ದೂರು ಬಹಳ ಇತ್ತು. 1973ರ ಕೋಡು 1974ರ ಏಪ್ರಿಲ್ 1ರಂದು ಜಾರಿಗೆ ಬಂದ ಮೇಲೆ ಆ ಹುದ್ದೆ ಹೋಯಿತು. ಫೋಟೋಗೆ ಗೆದ್ದಲು ಹಿಡಿಯದ ಹಾಗೆ ನೋಡಿಕೊಳ್ಳಿ.

ಪ್ರಶ್ನೆ: ಮೂರು ಜನ ಊರಿನವರನ್ನು ಕೂರಿಸಿದರೆ ನ್ಯಾಯ ಸಿಗುತ್ತಾ ಸ್ವಾಮಿ? ನಮ್ಮ ಕಡೆ ಆದರೆ ಮೊದಲು ಜಾತಿ ನೋಡುತ್ತಾರೆ, ಆಮೇಲೆ ಪಾರ್ಟಿ, ಆಮೇಲೆ ಯಾರ ಮನೆಗೆ ಯಾರು ಹೆಣ್ಣು ಕೊಟ್ಟಿದ್ದಾರೆ ಅಂತ.
– ಹೊಸನಗರದ ಒಬ್ಬ ಓದುಗರು

ಉತ್ತರ: ಈ ತಿಂಗಳ ಒಳ್ಳೇ ಪ್ರಶ್ನೆ ಇದು. ಸಿಟ್ಟಿನಲ್ಲಿ ಬರೆದಿದ್ದೀರಿ, ಆದರೂ ಒಳ್ಳೇದು.

ಊರಿನವರು ನ್ಯಾಯ ಮಾಡಬೇಕು ಅನ್ನುವುದಕ್ಕೆ ಇರುವ ಬಲವೂ ಅದೇ, ಅಪಾಯವೂ ಅದೇ: ಅವರಿಗೆ ಊರು ಗೊತ್ತು. ನಮ್ಮಲ್ಲಿ ಹಸಿ ಅಡಿಕೆ ಕಳವಿನ ಕೇಸು ಬರುತ್ತದಲ್ಲ, ಬೆಂಗಳೂರಿನ ಕಡೆಯಿಂದ ಹೊಸದಾಗಿ ಬಂದ ಸಾಹೇಬರಿಗೆ ಅದು ಮೊದಲಿಗೆ ಪಿಟ್ಟಿ ಕೇಸಿನ ಹಾಗೆ ಕಾಣುತ್ತದೆ. ನಾಲ್ಕು ಗೊನೆ ತಾನೇ ಅನ್ನಿಸುತ್ತದೆ. ಕೊಳೆರೋಗ ಬಿದ್ದ ವರ್ಷ ಮುಕ್ಕಾಲು ಎಕರೆಯವನಿಗೆ ಆ ಗೊನೆ ಅಂದರೆ ಏನು ಅಂತ ಊರಿನವರಿಗೆ ಗೊತ್ತು. ಆದರೆ ಊರಿನವರನ್ನೇ ಕೂರಿಸಿದರೆ ಅವರದ್ದೇ ತೋಟದಲ್ಲಿ ಹೋದ ವರ್ಷ ಕಳವಾಗಿರುತ್ತದೆ! ಕಟಕಟೆಯಲ್ಲಿ ನಿಂತವನ ಮುಖ ನೋಡುವ ಮೊದಲೇ ತೀರ್ಪು ರೆಡಿ. ನಮ್ಮಲ್ಲಿ ಅರ್ಧ ಜನ ಅದಕ್ಕೇ ಪೊಲೀಸ್ ಸ್ಟೇಷನ್ನಿಗೂ ಹೋಗದೆ ತೋಟದ ಬೇಲಿಗೆ ಸಿಗಂದೂರು ಚೌಡಮ್ಮನ ಕಾವಲಿದೆ ಅಂತ ಬೋರ್ಡು ಕಟ್ಟಿ ಬಿಡುತ್ತಾರೆ. ಅಮ್ಮ ಜಾತಿ ನೋಡುವುದಿಲ್ಲ ಅನ್ನುವ ಧೈರ್ಯ.

ಅಲ್ಲಿನವರು ಈ ಅಪಾಯಕ್ಕೆ ಏನು ಮಾಡಿದ್ದಾರೆ? ಯಾವ ಕೇಸು ಯಾರ ಮುಂದೆ ಬರಬೇಕು ಅಂತ ಮ್ಯಾಜಿಸ್ಟ್ರೇಟರು ಆರಿಸಿಕೊಳ್ಳುವ ಹಾಗಿಲ್ಲ. ಸರದಿಯ ಪಟ್ಟಿ ಇದೆ. ಇವತ್ತು ಪಕ್ಕದಲ್ಲಿ ಕೂತವರು ಮುಂದಿನ ಸಲ ಇರುವುದಿಲ್ಲ, ಹಾಗಾಗಿ ಮೂವರ ಗುಂಪು ಕಟ್ಟುವುದು ಕಷ್ಟ. ಎದುರಿಗೆ ಬಂದವರು ಗುರುತಿನವರಾದರೆ ಬಾಯಿಬಿಟ್ಟು ಹೇಳಿ ಎದ್ದು ಹೋಗಬೇಕು. ನಡುವಿನ ಕುರ್ಚಿಯವರಿಗೆ ಮಾತಾಡುವ ಹಕ್ಕು ಜಾಸ್ತಿ, ಮತ ಒಂದೇ. ಇಬ್ಬರು ಒಂದು ಕಡೆ ಆದರೆ ಅದೇ ತೀರ್ಪು. ಪೀಠದಲ್ಲಿ ಇಬ್ಬರೇ ಇದ್ದು ಒಪ್ಪಂದ ಆಗದಿದ್ದರೆ ಬೇರೆ ಪೀಠ ಮೊದಲಿನಿಂದ ಕೇಳುತ್ತದೆ. ಒಂದು ಕಾಲದಲ್ಲಿ ಅರ್ಜಿಯಲ್ಲೇ ಯಾವ ಪಕ್ಷಕ್ಕೆ ವೋಟು ಹಾಕುತ್ತೀರಿ ಅಂತ ಕೇಳುತ್ತಿದ್ದರು. ಒಂದೇ ಪಕ್ಷದವರು ಪೀಠ ತುಂಬಿಕೊಳ್ಳಬಾರದು ಅನ್ನುವ ಲೆಕ್ಕ. ಆಮೇಲೆ ಕೈಬಿಟ್ಟರು.

ಹಾಗಂತ ಎಲ್ಲ ಸರಿ ಇದೆ ಅಂತಲ್ಲ. ಅಲ್ಲೂ ಐವತ್ತು ದಾಟಿದವರೇ ಜಾಸ್ತಿ. ಸಂಬಳವಿಲ್ಲದೆ ವಾರದ ನಡುವೆ ಒಂದು ದಿನ ಬಿಟ್ಟು ಬರುವುದು ಯಾರಿಗೆ ಸಾಧ್ಯ? ಹೊಟ್ಟೆ ತುಂಬಿದವರಿಗೆ. ಚೀಸು ಕದ್ದ ಹುಡುಗನ ಬೀದಿಯವರು ಪೀಠದಲ್ಲಿ ಕಾಣುವುದು ಅಪರೂಪ. ನನ್ನ ದೃಷ್ಟಿಯಲ್ಲಿ ಅವರ ಪದ್ಧತಿಯ ಸೋರುವ ಹೆಂಚು ಅದೇ. ಹಾಗಿದ್ದೂ ಮೂವರು ಸೇರಿ, ಕಾರಣ ಬರೆದು, ಗಟ್ಟಿಯಾಗಿ ಓದಿ ಹೇಳಬೇಕು ಅಂದಾಗ ಮನಸ್ಸಿನಲ್ಲಿ ಜಾತಿ ಇದ್ದವನೂ ಅದನ್ನು ಹಾಳೆಯ ಮೇಲೆ ಬರೆಯಲಾರ. ನಮ್ಮ ಊರಿನ ಪಂಚಾಯ್ತಿ ಕಟ್ಟೆಯ ನ್ಯಾಯದಲ್ಲಿ ಕಾರಣ ಬರೆಯುವ ಪದ್ಧತಿ ಇತ್ತಾ?

ಪ್ರಶ್ನೆ: ನಾನು ಸರ್ಕಾರಿ ಹೈಸ್ಕೂಲಿನ ನಿವೃತ್ತ ಮುಖ್ಯೋಪಾಧ್ಯಾಯ. ಕೈಕಾಲು ಗಟ್ಟಿ ಇದೆ. ಇಲ್ಲಿ ನನ್ನಂಥವರು ಇಂಥ ಸೇವೆ ಮಾಡಲು ದಾರಿ ಇದೆಯಾ?
– ವಿನೋಬನಗರದ ಒಬ್ಬ ಮೇಷ್ಟ್ರು, ಶಿವಮೊಗ್ಗ

ಉತ್ತರ: ಇದೆ ಮೇಷ್ಟ್ರೇ. ಜನಕ್ಕೆ ಗೊತ್ತಿಲ್ಲ, ಅಷ್ಟೇ.

ಮೊದಲು ಒಂದು ಗೊಂದಲ ತೆಗೆಯುತ್ತೇನೆ. ತಹಸೀಲ್ದಾರರು, ಎಸಿ, ಡಿಸಿ ಇವರೂ ಮ್ಯಾಜಿಸ್ಟ್ರೇಟರೇ, ಲಾ ಡಿಗ್ರಿ ಇರಲೇಬೇಕೆಂದಿಲ್ಲ. ಗಣಪತಿ ಮೆರವಣಿಗೆಯ ಹೊತ್ತಿಗೆ ನಿಷೇಧಾಜ್ಞೆ ಹಾಕುವವರು, ಗಲಾಟೆಯವರಿಂದ ಬಾಂಡ್ ಬರೆಸಿಕೊಳ್ಳುವವರು ಇವರು. ಆದರೆ ಕಳ್ಳತನ, ಹೊಡೆದಾಟದ ವಿಚಾರಣೆ ಮಾಡಿ ಶಿಕ್ಷೆ ಕೊಡುವುದು ಇವರ ಕೆಲಸ ಅಲ್ಲ. ಇದು ಸೇವೆಗೆ ಬರುವ ಹುದ್ದೆಯೂ ಅಲ್ಲ.

ಎರಡನೆಯದು, 1973ರ ಕೋಡಿನ ಜಾಗಕ್ಕೆ ಬಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 11ನೇ ಸೆಕ್ಷನ್. ಸರ್ಕಾರಿ ಹುದ್ದೆಯಲ್ಲಿ ಇರುವವರಿಗೆ ಅಥವಾ ಇದ್ದವರಿಗೆ, ಸರ್ಕಾರ ಕೋರಿದರೆ ಹೈಕೋರ್ಟು ವಿಶೇಷ ಜುಡಿಷಿಯಲ್ ಮ್ಯಾಜಿಸ್ಟ್ರೇಟ್ ಅಧಿಕಾರ ಕೊಡಬಹುದು. ಒಂದು ಸಲಕ್ಕೆ ಹೆಚ್ಚೆಂದರೆ ಒಂದು ವರ್ಷ. ಆದರೆ ಕಾನೂನಿನ ವಿಷಯದಲ್ಲಿ ಹೈಕೋರ್ಟು ಹೇಳಿದಷ್ಟು ಅರ್ಹತೆ ಅಥವಾ ಅನುಭವ ಬೇಕು. ನೀವಾಗಿ ಅರ್ಜಿ ಹಾಕಿ ಕಾಯುವ ಕೆಲಸ ಅಲ್ಲ ಇದು.

ನಿಮಗೆ ಹೊಂದುವುದು ಮೂರನೆಯದು. ಬಾಲನ್ಯಾಯ ಮಂಡಳಿ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಈ ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಜತೆಗೆ ಇಬ್ಬರು ಸಮಾಜ ಕಾರ್ಯಕರ್ತರು. ಆ ಇಬ್ಬರಲ್ಲಿ ಒಬ್ಬರು ಮಹಿಳೆ ಆಗಿರಲೇಬೇಕು. ಮೂವರೂ ಸೇರಿ ಒಂದೇ ಪೀಠ. 18 ತುಂಬದ ಮಕ್ಕಳು ಕಾನೂನಿನ ಕೈಗೆ ಸಿಕ್ಕಿಬಿದ್ದಾಗ ಅವರ ವಿಷಯ ಇಲ್ಲಿಗೆ ಬರುತ್ತದೆ. ಪ್ರಕರಣದ ಕಡೇ ತೀರ್ಮಾನದ ದಿನ ಮ್ಯಾಜಿಸ್ಟ್ರೇಟ್ ಸೇರಿ ಕನಿಷ್ಠ ಇಬ್ಬರು ಇರಬೇಕು. ಅಭಿಪ್ರಾಯ ಬೇರೆ ಆದರೆ ಬಹುಮತ. ಬಹುಮತ ಬರದಿದ್ದರೆ ಮ್ಯಾಜಿಸ್ಟ್ರೇಟರ ಮಾತು. ಅಂದರೆ ಲಾ ಓದದ ಇಬ್ಬರು ಸೇರಿ ಲಾ ಓದಿದ ಒಬ್ಬರ ಅಭಿಪ್ರಾಯವನ್ನು ದಾಟಬಹುದು! ಇಂಗ್ಲೆಂಡಿನ ಅಜ್ಜಿಯ ಕುರ್ಚಿಗೆ ನಮ್ಮ ದೇಶದಲ್ಲಿ ಅತಿ ಹತ್ತಿರದ ಕುರ್ಚಿ ಇದೇ.

ಸೇರಬೇಕಾದರೆ ಮಕ್ಕಳ ಆರೋಗ್ಯ, ಶಿಕ್ಷಣ ಅಥವಾ ಕಲ್ಯಾಣದ ಕೆಲಸದಲ್ಲಿ ಕಡಿಮೆ ಅಂದರೆ 7 ವರ್ಷ ತೊಡಗಿರಬೇಕು. ಅಥವಾ ಮಕ್ಕಳ ಮನಶ್ಶಾಸ್ತ್ರ, ಮನೋವೈದ್ಯ, ಸಮಾಜಶಾಸ್ತ್ರ, ಕಾನೂನು ಇವುಗಳಲ್ಲಿ ಪದವಿ ಪಡೆದು ವೃತ್ತಿ ಮಾಡುತ್ತಿರಬೇಕು. ವಯಸ್ಸು 35 ದಾಟಿರಬೇಕು, ಮೇಲಿನ ಮಿತಿಯನ್ನು ಆಯಾ ಪ್ರಕಟಣೆಯಲ್ಲಿ ನೋಡಿಕೊಳ್ಳಿ. ನೈತಿಕ ಅಧಃಪತನದ ಅಪರಾಧದಲ್ಲಿ ಶಿಕ್ಷೆ ಆದವರಿಗೆ ಅವಕಾಶ ಇಲ್ಲ. ಮಕ್ಕಳನ್ನು ದುಡಿಮೆಗೆ ಇಟ್ಟುಕೊಂಡವರಿಗೂ ಇಲ್ಲ. ಮನೆಕೆಲಸಕ್ಕೆ "ಸುಮ್ನೆ ಕೂತಿದ್ದಳು, ಕರ್ಕೊಂಡು ಬಂದ್ವಿ" ಅಂತ ಹತ್ತು ವರ್ಷದ ಹುಡುಗಿಯನ್ನು ಇಟ್ಟುಕೊಂಡಿರುವ ದೊಡ್ಡ ಮನೆಯವರು ಇದನ್ನು ಎರಡು ಸಲ ಓದಲಿ. ಆಯ್ಕೆ ಸಮಿತಿಯ ಶಿಫಾರಸಿನ ಮೇಲೆ ರಾಜ್ಯ ಸರ್ಕಾರ ನೇಮಿಸುತ್ತದೆ. ನೇಮಕ ಆದ 60 ದಿನದ ಒಳಗೆ ತರಬೇತಿ ಕೊಡಬೇಕು ಅಂತ ಕಾಯ್ದೆಯೇ ಹೇಳುತ್ತದೆ, ಪೀಠದಲ್ಲಿರುವ ಮ್ಯಾಜಿಸ್ಟ್ರೇಟರಿಗೂ ಸೇರಿಸಿ. ಇಂಗ್ಲೆಂಡಿನಲ್ಲಿ ಕಲಿಸಿ ಕೂರಿಸುತ್ತಾರೆ. ನಮ್ಮಲ್ಲಿ ಕೂರಿಸಿದ ಮೇಲೂ ಎರಡು ತಿಂಗಳು ಟೈಮಿದೆ. ನನಗೆ ಅವರದ್ದೇ ಸರಿ ಅನ್ನಿಸುತ್ತದೆ.

ಇದರ ಜತೆಗೇ ಮಕ್ಕಳ ಕಲ್ಯಾಣ ಸಮಿತಿ ಇದೆ. ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರು. ತಪ್ಪು ಮಾಡಿದ ಮಕ್ಕಳದ್ದಲ್ಲ, ದಿಕ್ಕಿಲ್ಲದ, ರಕ್ಷಣೆ ಬೇಕಾದ ಮಕ್ಕಳ ವಿಷಯ ಇಲ್ಲಿ. ಈ ಐವರಿಗೆ ಸೇರಿ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರಿಗೆ ಇರುವ ಅಧಿಕಾರ ಇದೆ. ಆದರೆ ತಿಂಗಳಿಗೆ ಕನಿಷ್ಠ 20 ದಿನ ಸಭೆ ಸೇರಬೇಕು. ತೋಟ, ಮೊಮ್ಮಕ್ಕಳು, ಯಕ್ಷಗಾನ ಇಟ್ಟುಕೊಂಡು ಅದು ಕಷ್ಟ. ಮೇಡಂ ಅವರನ್ನು ಕೇಳಿಯೇ ಅರ್ಜಿ ಹಾಕಿ.

ಪ್ರಕಟಣೆ ಬರುವುದು ಮಹಿಳಾ ಮತ್ತು ಮಕ್ಕಳ ಇಲಾಖೆಯ ಕಡೆಯಿಂದ. ಅವಧಿ ಹೆಚ್ಚೆಂದರೆ ಮೂರು ವರ್ಷ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿದರೆ ಮುಂದಿನದು ಯಾವಾಗ ಅಂತ ತಿಳಿಯುತ್ತದೆ. ಅಲ್ಲಿಯ ತನಕ ಸುಮ್ಮನೆ ಕೂರಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದವರು ಅರೆಕಾನೂನು ಸ್ವಯಂಸೇವಕರನ್ನು ತೆಗೆದುಕೊಂಡು ತರಬೇತಿ ಕೊಡುತ್ತಾರೆ. ನಿವೃತ್ತ ಮೇಷ್ಟ್ರುಗಳು ಅದಕ್ಕೆ ಬೇಕಾದವರೇ. ಪೀಠ ಸಿಗುವುದಿಲ್ಲ. ಕೋರ್ಟಿನ ಮೆಟ್ಟಿಲಲ್ಲಿ ಸಮನ್ಸ್ ಹಿಡಿದು ಯಾರನ್ನು ಕೇಳುವುದು ಅಂತ ನಿಂತವರಿಗೆ ದಾರಿ ತೋರಿಸುವ ಕೆಲಸ ಸಿಗುತ್ತದೆ.

ಪ್ರಶ್ನೆ: ಅಲ್ಲಿನ ಮ್ಯಾಜಿಸ್ಟ್ರೇಟರು ಕಪ್ಪು ಗೌನು, ಬಿಳಿ ವಿಗ್ಗು ಹಾಕುತ್ತಾರಾ?
– ಸೊರಬದ ಒಬ್ಬ ಬಾಲಕ

ಉತ್ತರ: ಇಲ್ಲ ಮರಿ. ಮನೆಯಿಂದ ಹಾಕಿಕೊಂಡು ಬಂದ ಮಾಮೂಲಿ ಬಟ್ಟೆ, ಸ್ವಲ್ಪ ನೀಟಾಗಿ. ನಾನು ನೋಡಿದ ದಿನ ಆ ಅಜ್ಜಿ ಹಸಿರು ಸ್ವೆಟರ್ ಹಾಕಿದ್ದರು.